ಸೋಲೋದಾದ್ರೆ ಮೂರು ಗುಂಟೆಯಲ್ಲೇ ಸೋಲಲಿ: ಊರಲ್ಲೊಂದು ತರಬೇತಿ ತೋಟ ಕಟ್ಟುವ ಬಗೆ



ಕಳೆದ ಕೆಲವು ವಾರಗಳಿಂದ ಒಂದೇ ಥರದ ಫೋನ್ ಜಾಸ್ತಿ ಬರ್ತಿದೆ. "ನಾವು ನಾಲ್ಕೈದು ಜನ ಸೇರಿದ್ದೀವಿ ಸಾರ್, ಊರಲ್ಲಿ ಹೊಸಬರಿಗೆ ಸಾವಯವ ಕೃಷಿ ಕಲಿಸೋ ಹಾಗೆ ಒಂದು ಸಾಮೂಹಿಕ ತೋಟ ಮಾಡ್ಬೇಕು, ಎಲ್ಲಿಂದ ಶುರು ಮಾಡೋದು?" ಕೇಳುವವರಲ್ಲಿ ಅರ್ಧ ಜನ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವರು, ಇನ್ನರ್ಧ ಅಪ್ಪನ ಜಮೀನಿದ್ದೂ ರಾಸಾಯನಿಕ ಬಿಟ್ಟು ಬೆಳೆಯೋದು ಹೇಗೆ ಅಂತ ಗೊತ್ತಿಲ್ಲದವರು. ಈ ವಾರ ಅದನ್ನೇ ಬರೀತೀನಿ. ಸ್ವಲ್ಪ ಉದ್ದ ಇದೆ, ಸೇವ್ ಮಾಡಿಟ್ಟುಕೊಂಡು ಓದಿ.

ಮೊದಲು ಯಾಕೆ ಬೇಕು ಅನ್ನೋದನ್ನ ಹೇಳ್ತೀನಿ. ನಮ್ಮಲ್ಲಿ ತರಬೇತಿಗೇನೂ ಕೊರತೆ ಇಲ್ಲ. ಎರಡು ದಿನದ ಶಿಬಿರ, ಊಟ, ಒಂದು ಬ್ಯಾಗು, ಒಂದು ಸರ್ಟಿಫಿಕೇಟು. ಅಲ್ಲಿ ಹೇಳೋದು ಸುಳ್ಳಲ್ಲ. ಆದರೆ ಎರಡು ದಿನದಲ್ಲಿ ಜೀವಾಮೃತ ಕಲಸೋದನ್ನ ತೋರಿಸಬಹುದು. ಬೆಂಡೆ ಗಿಡ ಹಳದಿ ನಂಜಿಗೆ ತಿರುಗಿದ ದಿನ ಬೆಳಗ್ಗೆ ಏನು ಮಾಡ್ಬೇಕು ಅನ್ನೋದನ್ನ ತೋರಿಸೋಕೆ ಆಗಲ್ಲ. ಶಿಬಿರ ಮುಗಿಸಿದ ಹುಡುಗ ಧೈರ್ಯ ತಗೊಂಡು ಮನೆಗೆ ಬರ್ತಾನೆ, ಉಳಿತಾಯವನ್ನೆಲ್ಲ ಮೂರು ಎಕರೆಗೆ ಸುರೀತಾನೆ, ಒಂದೇ ವರ್ಷಕ್ಕೆ ಕೈ ಸುಟ್ಟುಕೊಳ್ತಾನೆ. ಆಮೇಲೆ ಇಡೀ ಊರು "ಸಾವಯವ ಎಲ್ಲ ಆಗೋ ಮಾತಲ್ಲ" ಅಂತ ತೀರ್ಮಾನ ಮಾಡಿಬಿಡುತ್ತೆ. ಅವನೊಬ್ಬ ಸೋತರೆ ಅವನ ಹಿಂದೆ ಬರಬೇಕಿದ್ದ ಹತ್ತು ಜನ ನಿಂತುಬಿಡ್ತಾರೆ.

ತರಬೇತಿ ತೋಟದ ಕೆಲಸ ಏನಪ್ಪಾ ಅಂದ್ರೆ, ಆ ಮೊದಲ ಸೋಲು ಮೂರು ಎಕರೆಯಲ್ಲಿ ಆಗದೆ ಮೂರು ಗುಂಟೆಯಲ್ಲಿ ಆಗೋ ಹಾಗೆ ನೋಡಿಕೊಳ್ಳೋದು. ಪ್ರತಿಯೊಬ್ಬನಿಗೂ ತನ್ನದೇ ಒಂದು ತುಂಡು ಜಾಗ, ತನ್ನದೇ ಬೆಳೆ, ತನ್ನದೇ ಲೆಕ್ಕದ ಪುಸ್ತಕ, ಪೂರ್ತಿ ಒಂದು ವರ್ಷ. ಇದಿಲ್ಲದೆ ಹತ್ತು ಜನ ಸೇರಿ ಒಂದೇ ಹೊಲದಲ್ಲಿ ಗೇದರೆ ಅದು ಶ್ರಮದಾನ ಆಗುತ್ತೆ, ತರಬೇತಿ ಆಗಲ್ಲ. ಎಲ್ಲರದ್ದೂ ಆದ ಟೊಮೇಟೊ ಗಿಡವನ್ನ ಯಾರೂ ಬಗ್ಗಿ ನೋಡಲ್ಲ.

ಜಮೀನಿನ ವಿಷಯ ಮೊದಲು ತೀರಿಸಿಕೊಳ್ಳಿ

ಹೆಚ್ಚಿನ ತಂಡಗಳು ಎಡವೋದು ಇಲ್ಲೇ. ಊರಲ್ಲಿ ಬೀಳು ಬಿಟ್ಟ ಜಮೀನು ಬೇಕಾದಷ್ಟಿದೆ, ಕೇಳಿದರೆ ಕೊಡಲ್ಲ. ಕೊಡದಿರೋದಕ್ಕೆ ಜಿಪುಣತನ ಕಾರಣ ಅಂತ ಅಂದುಕೊಳ್ಳಬೇಡಿ. 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ 1974ರಲ್ಲಿ ದೊಡ್ಡ ತಿದ್ದುಪಡಿ ಆಯ್ತು. ಆ ವರ್ಷದ ಮಾರ್ಚ್ 1ರ ಹೊತ್ತಿಗೆ ಗೇಣಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿ, ಉಳುತ್ತಿದ್ದವರು ಅರ್ಜಿ ಹಾಕಿ ಭೂ ನ್ಯಾಯಮಂಡಳಿ ಮೂಲಕ ಒಡೆತನ ಪಡೆದರು. ಎಷ್ಟೋ ಬಡ ಕುಟುಂಬಗಳು ಅದರಿಂದಲೇ ಎದ್ದು ನಿಂತವು, ಅದರಲ್ಲಿ ಎರಡು ಮಾತಿಲ್ಲ. ಆದರೆ "ಬೇರೆಯವರನ್ನ ಉಳೋಕೆ ಬಿಟ್ಟರೆ ಜಮೀನು ಹೋಗುತ್ತೆ" ಅನ್ನೋ ಭಯ ಇವತ್ತಿಗೂ ಮಾಲೀಕರ ಮನಸ್ಸಲ್ಲಿದೆ. ಅದೇ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಜಮೀನನ್ನ ಗೇಣಿಗೆ ಕೊಡುವಂತಿಲ್ಲ. 2020ರ ತಿದ್ದುಪಡಿಯಲ್ಲಿ ಜಮೀನು ಕೊಳ್ಳೋದು ಸಲೀಸಾಯ್ತೇ ಹೊರತು ಗೇಣಿಯ ನಿರ್ಬಂಧ ಹೋಗಲಿಲ್ಲ. ಊರಲ್ಲಿ ಬಾಯಿಮಾತಿನ ಗುತ್ತಿಗೆ, ಕೋರು, ವಾರ ಎಲ್ಲ ನಡೀತಾನೇ ಇವೆ. ಹನ್ನೆರಡು ಹುಡುಗರ ಒಂದು ವರ್ಷವನ್ನ ಆ ಬಾಯಿಮಾತಿನ ಮೇಲೆ ನಿಲ್ಲಿಸಬೇಡಿ.

ಹಾಗಾದರೆ ದಾರಿ? ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿಯಾದದ್ದು, ಜಮೀನಿನ ಮಾಲೀಕರೇ ತಂಡದ ಒಳಗಿರೋದು. ಕನಿಷ್ಠ 7 ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಬಹುದು. ಮಾಲೀಕರು ಅದರಲ್ಲಿ ಸದಸ್ಯರಾಗಲಿ. ಜಮೀನು ಅವರ ಸ್ವಾಧೀನದಲ್ಲೇ ಇರುತ್ತೆ, ಬೇಸಾಯ ಅವರದ್ದೇ, ಕಲಿಯೋಕೆ ಬಂದವರು ಶಿಬಿರಾರ್ಥಿಗಳು ಅನ್ನೋದು ಒಪ್ಪಂದ ಪತ್ರದಲ್ಲಿ ಸ್ಪಷ್ಟವಾಗಿರಲಿ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿದಾರರ ವಿವರ ಇರುತ್ತೆ. ಎರಡರಲ್ಲೂ ಅವರ ಹೆಸರೇ ಉಳಿಯಲಿ, ಬೆಳೆ ಸಮೀಕ್ಷೆಯನ್ನೂ ಅವರೇ ಮಾಡಿಸಲಿ. ಹೀಗೆ ಹೇಳಿದ ಕೂಡಲೇ ಮಾಲೀಕರ ಮುಖ ಅರಳೋದನ್ನ ನಾನು ನೋಡಿದ್ದೀನಿ. ಕರಡು ಬರೆದ ಮೇಲೆ ತಾಲ್ಲೂಕಿನಲ್ಲಿ ಜಮೀನಿನ ವ್ಯವಹಾರ ನೋಡೋ ವಕೀಲರಿಗೆ ಒಮ್ಮೆ ತೋರಿಸಿ. ಅವರ ಫೀಸು ಉಳಿಸೋಕೆ ಹೋಗಬೇಡಿ. ಗೋಮಾಳ, ಸರ್ಕಾರಿ ಖರಾಬು ಖಾಲಿ ಬಿದ್ದಿದೆ ಅಂತ ಅಲ್ಲಿ ಗುದ್ದಲಿ ಹಾಕೋದಂತೂ ಬೇಡವೇ ಬೇಡ.

ಮಾಲೀಕರಿಗೆ ಇದರಿಂದ ಏನು ಸಿಗುತ್ತೆ ಅನ್ನೋ ಪ್ರಶ್ನೆಗೂ ಪ್ರಾಮಾಣಿಕ ಉತ್ತರ ಇಟ್ಟುಕೊಳ್ಳಿ. ಬೀಳು ಭೂಮಿಗೆ ಗೊಬ್ಬರ ಬೀಳುತ್ತೆ, ಬದು ಸರಿಯಾಗುತ್ತೆ, ಬೇಲಿಯಲ್ಲಿ ಗ್ಲಿರಿಸಿಡಿಯಾ ನುಗ್ಗೆ ಏಳುತ್ತೆ, ಮನೆಗೆ ತರಕಾರಿ ಬರುತ್ತೆ. ಇದಿಷ್ಟೇ. ದೊಡ್ಡ ಲಾಭದ ಆಸೆ ತೋರಿಸಿ ಜಮೀನು ಪಡೆದರೆ ಮೊದಲ ಬೇಸಿಗೆಯಲ್ಲೇ ಜಗಳ.

ನೀರು: ಬಕೆಟ್ ಹಿಡಿದು ಅಳೆಯಿರಿ

"ಎರಡಿಂಚು ನೀರಿದೆ" ಅನ್ನೋ ಮಾತನ್ನ ನಂಬಿ ಪ್ಲಾಟ್ ಹಂಚಬೇಡಿ. ಅದು ಯಾವ ತಿಂಗಳ ಎರಡಿಂಚು? ಏಪ್ರಿಲ್‌ನಲ್ಲಿ, ಮೋಟಾರು ಒಂದು ಗಂಟೆ ಓಡಿದ ಮೇಲೆ, 15 ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತೆ ಅಂತ ಫೋನಿನ ಸ್ಟಾಪ್‌ವಾಚ್ ಇಟ್ಟು ನೋಡಿ. ಶುರುವಿನ ಹತ್ತು ನಿಮಿಷದ ನೀರು ಬೋರಿನೊಳಗೆ ನಿಂತದ್ದು, ಅದು ಲೆಕ್ಕಕ್ಕಿಲ್ಲ.

ಲೆಕ್ಕ ಸುಲಭ. ಒಂದು ಗುಂಟೆ ಅಂದ್ರೆ ಸುಮಾರು 101 ಚದರ ಮೀಟರ್. ಅದರ ಮೇಲೆ 1 ಮಿ.ಮೀ. ನೀರು ನಿಲ್ಲಿಸೋಕೆ ಹತ್ತಿರ ಹತ್ತಿರ 100 ಲೀಟರ್ ಬೇಕು. ಬೇಸಿಗೆಯಲ್ಲಿ ತುಂಬಿ ನಿಂತ ತರಕಾರಿಗೆ ದಿನಕ್ಕೆ 5 ಮಿ.ಮೀ. ಅಂತ ಹಿಡಿದರೆ ಗುಂಟೆಗೆ 500 ಲೀಟರ್. 12 ಜನಕ್ಕೆ ತಲಾ 3 ಗುಂಟೆ ಕೊಟ್ಟರೆ 36 ಗುಂಟೆ, ದಿನಕ್ಕೆ 18,000 ಲೀಟರ್. ನಿಮ್ಮ ಬಕೆಟ್ 15 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 1 ಲೀಟರ್, ಗಂಟೆಗೆ 3,600. ಐದು ಗಂಟೆ ತ್ರೀ ಫೇಸ್ ಕರೆಂಟು ಇದ್ದರೆ ನಡೆಯುತ್ತೆ. ಅದೇ ಬಕೆಟ್ ತುಂಬೋಕೆ 30 ಸೆಕೆಂಡು ತಗೊಂಡ್ರೆ ಹತ್ತು ಗಂಟೆ ಓಡಿಸಬೇಕು, ಆಗದ ಮಾತು. ಆಗ 12 ಜನ ಬೇಡ, 6 ಜನ ಸಾಕು. ಡ್ರಿಪ್ ಹಾಕಿ, ಸಾಲಿಗೆ ಒಣ ಹುಲ್ಲು, ಕಬ್ಬಿನ ರವದಿ ಹೊದಿಸಿದರೆ ಬೇಡಿಕೆ ಇಳಿಯುತ್ತೆ ನಿಜ. ಆದರೆ ಪ್ಲಾಟ್ ಹಂಚುವಾಗ ಕಷ್ಟದ ದಿನದ ಲೆಕ್ಕ ಹಿಡೀರಿ. ಒಬ್ಬನ ಸಾಲಿಗೆ ನೀರು ಬಂದು ಪಕ್ಕದವನಿಗೆ ಬಾರದೇ ಹೋದ ದಿನ ಸಂಘ ಒಡೆಯುತ್ತೆ.

36 ಗುಂಟೆ ಪ್ಲಾಟಿಗೆ ಒಟ್ಟು ಒಂದೂವರೆ ಎಕರೆ ಇರಲಿ. ಉಳಿದ 24 ಗುಂಟೆಯಲ್ಲಿ ಸಾಮೂಹಿಕ ನರ್ಸರಿ, ಕಾಂಪೋಸ್ಟ್ ಗುಂಡಿ, ಎರಡು ದನ ಕಟ್ಟೋ ಕೊಟ್ಟಿಗೆ, ಓಡಾಡೋ ದಾರಿ, ಬೇಲಿ ಮರ, ಮತ್ತೆ ಒಂದು ತುಂಡು ರಾಗಿ. ರಾಗಿ ಯಾಕೆ ಅಂದ್ರೆ, ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕೋದನ್ನ ನೋಡದೆ ಮಿಶ್ರ ಬೆಳೆಯ ಬಗ್ಗೆ ಪುಸ್ತಕ ಓದಿ ಏನೂ ಪ್ರಯೋಜನ ಇಲ್ಲ. ನಮ್ಮ ಅಜ್ಜಂದಿರು ಯಾವ ಶಿಬಿರಕ್ಕೂ ಹೋಗದೆ ಮಾಡ್ತಿದ್ದದ್ದು ಅದು.

ಒಂದು ವರ್ಷ ಹೇಗೆ ಹೋಗ್ಬೇಕು

ಯುಗಾದಿ ಹೊತ್ತಿಗೆ ಕಾಗದ ಪತ್ರ, ಬೇಲಿ, ನೀರಿನ ಅಳತೆ ಮುಗಿದಿರಲಿ. ಮಣ್ಣು ಪರೀಕ್ಷೆಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳಿಸಿ. ಬದು, ಮರದ ನೆರಳು, ತಿಪ್ಪೆಯ ಪಕ್ಕ ಬಿಟ್ಟು, ಹೊಲದ ಹತ್ತಾರು ಕಡೆ ವಿ ಆಕಾರದಲ್ಲಿ ಗೇಣುದ್ದ ಗುಣಿ ತೆಗೆದು ಅದರ ಗೋಡೆಯ ಮಣ್ಣನ್ನ ಕೆರೆದು ಬೆರೆಸಿ ಕೊಡಬೇಕು.

ರೋಹಿಣಿ ಮಳೆ ಬಿದ್ದ ಕೂಡಲೇ ಇಡೀ ಜಮೀನಿಗೆ ಸೆಣಬು ಅಥವಾ ಡಯಂಚ ಚೆಲ್ಲಿ. ಹುಡುಗರಿಗೆ ತಕ್ಷಣ ತರಕಾರಿ ನೆಡೋ ಆತುರ ಇರುತ್ತೆ, ಬಿಡಬೇಡಿ. 45 ದಿನಕ್ಕೆ ಹೂ ಕಾಣಿಸಿಕೊಳ್ಳುವಾಗ ಮಣ್ಣಿಗೆ ಸೇರಿಸಿ, ಕೊಳೆಯೋಕೆ ಎರಡು ವಾರ ಬಿಟ್ಟು, ಆಮೇಲೆ ಪ್ಲಾಟ್ ಚೀಟಿ ಎತ್ತಿ. ಒಳ್ಳೆ ಮಣ್ಣಿನ ಪ್ಲಾಟು ಯಾರಿಗೆ ಅನ್ನೋದಕ್ಕೆ ಚೀಟಿಗಿಂತ ಒಳ್ಳೆ ನ್ಯಾಯ ಇಲ್ಲ.

ಕೊಟ್ಟಿಗೆ ಗೊಬ್ಬರ ಎಕರೆಗೆ 10 ಟನ್ ಅಂತ ಹಿಡಿದರೆ ಗುಂಟೆಗೆ 250 ಕೆ.ಜಿ., 36 ಗುಂಟೆಗೆ 9 ಟನ್. ತೋಟದ ಎರಡು ದನದಿಂದ ಇದು ಆಗಲ್ಲ, ಮೊದಲ ವರ್ಷ ಹೊರಗಿನಿಂದ ಟ್ರ್ಯಾಕ್ಟರ್‌ನಲ್ಲಿ ತರಿಸಲೇಬೇಕು. ಆ ಖರ್ಚನ್ನ ಶುರುವಿನಲ್ಲೇ ಹೇಳಿಬಿಡಿ. "ಶೂನ್ಯ ಬಂಡವಾಳ" ಅನ್ನೋ ಮಾತು ಕೇಳೋಕೆ ಚೆನ್ನಾಗಿರುತ್ತೆ, ದಣಿದ ಮಣ್ಣಿಗೆ ಮೊದಲ ವರ್ಷ ಅದು ಹೊಂದಲ್ಲ ಅನ್ನೋದು ನನ್ನ ಅಭಿಪ್ರಾಯ. ಜೀವಾಮೃತ ಬೇಡ ಅಂತ ಅಲ್ಲ. ಎಕರೆಗೆ 200 ಲೀಟರ್ ಲೆಕ್ಕದಲ್ಲಿ 3 ಗುಂಟೆಗೆ 15 ಲೀಟರ್ ಸಾಕು: ಒಂದು ಡ್ರಮ್ಮಿನಲ್ಲಿ 10 ಕೆ.ಜಿ. ಸಗಣಿ, 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ಕಾಳಿನ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಹಾಕಿ ಕಲಸಿದರೆ ಎಲ್ಲರಿಗೂ ಆಗಿ ಮಿಗುತ್ತೆ. ಅದನ್ನ ಗೊಬ್ಬರದ ಬದಲಿಗೆ ಕೊಡಬೇಡಿ, ಗೊಬ್ಬರದ ಜೊತೆಗೆ ಕೊಡಿ.

ಮೊದಲ ಹಂಗಾಮಿಗೆ ಮೂರೇ ಬೆಳೆ: ಹರಿವೆ, ಬೆಂಡೆ, ಬೀನ್ಸ್. ಹರಿವೆ ತಿಂಗಳೊಳಗೆ ಕೈಗೆ ಬರುತ್ತೆ, ಮನಸ್ಸಿಗೆ ಧೈರ್ಯ ಬರುತ್ತೆ. ಬೆಂಡೆ, ಬೀನ್ಸ್ ಒಂದೂವರೆ ತಿಂಗಳಲ್ಲಿ ಶುರು. ಬೀಜ ನಾಟಿಯದ್ದಿರಲಿ, ಇಲ್ಲವೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹರಿವೆ, ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಕೋಮಲ್ ಬೀನ್ಸ್ ಥರದ, ಬೀಜ ಉಳಿಸಿಕೊಳ್ಳಬಹುದಾದ ತಳಿಗಳಿರಲಿ. ಹೈಬ್ರಿಡ್ ಕೊಂಡು ತಂದರೆ ಬೀಜ ತೆಗೆಯೋ ಪಾಠವೇ ಸಿಗಲ್ಲ.

ಟೊಮೇಟೊ ಹಿಂಗಾರಿಗೆ. ಅಲ್ಲಿ ಯೋಜನೆ ಅಂದ್ರೇನು ಅನ್ನೋದು ಗೊತ್ತಾಗುತ್ತೆ. ಕಾಯಿ ಕೊರಕಕ್ಕೆ 16 ಸಾಲು ಟೊಮೇಟೊಗೆ ಒಂದು ಸಾಲು ಚೆಂಡು ಹೂ ಹಾಕೋ ಪದ್ಧತಿ ಬಹಳ ಜನಕ್ಕೆ ಗೊತ್ತು. ಆದರೆ ನೆಡುವಾಗ ಚೆಂಡು ಹೂವಿನ ಸಸಿಗೆ 45 ದಿನ, ಟೊಮೇಟೊ ಸಸಿಗೆ 25 ದಿನ ಆಗಿರಬೇಕು, ಆಗಲೇ ಎರಡೂ ಒಟ್ಟಿಗೆ ಹೂ ಬಿಡೋದು. ಅಂದ್ರೆ ಚೆಂಡು ಹೂವನ್ನ 20 ದಿನ ಮೊದಲೇ ನರ್ಸರಿಗೆ ಹಾಕಬೇಕು. ಇದನ್ನ ಮರೆತವನ ಹೊಲದಲ್ಲಿ ಚೆಂಡು ಹೂ ಅಲಂಕಾರಕ್ಕೆ ಮಾತ್ರ.

ಮೂರನೆಯದು ಬೇಸಿಗೆ. ಬಿಸಿಲು, ಬಿಳಿನೊಣ, ಕೈಕೊಡೋ ಕರೆಂಟು. ಬೇಸಿಗೆ ಕಾಣದೆ ತರಬೇತಿ ಮುಗಿಸಿದವನಿಗೆ ಅರ್ಧ ಪಾಠ ಬಾಕಿ. ಅದಕ್ಕೇ ಆರು ತಿಂಗಳ ಕೋರ್ಸು ಅಂತ ಮಾಡಬೇಡಿ, ಒಂದು ವರ್ಷ ಬೇಕೇ ಬೇಕು.

ವಾರಕ್ಕೊಂದು ಬೆಳಗ್ಗೆ ಹೊಲ ಓದೋದು

ಇಡೀ ತರಬೇತಿಯಲ್ಲಿ ಒಂದೇ ಒಂದು ಪಾಠ ಉಳಿಸಿಕೊಳ್ಳಿ ಅಂದ್ರೆ ನಾನು ಇದನ್ನ ಉಳಿಸ್ತೀನಿ. 1989ರಲ್ಲಿ ಇಂಡೋನೇಷ್ಯಾದಲ್ಲಿ ಭತ್ತಕ್ಕೆ ಕಂದು ಜಿಗಿಹುಳುವಿನ ಕಾಟ ವಿಪರೀತ ಆಗಿದ್ದ ಕಾಲದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅಲ್ಲಿ ರೈತರ ಕ್ಷೇತ್ರ ಪಾಠಶಾಲೆ ಶುರು ಮಾಡಿತು. ಅತಿಯಾಗಿ ಔಷಧಿ ಹೊಡೆದು ಜೇಡ ಮತ್ತಿತರ ಮಿತ್ರ ಕೀಟ ಸತ್ತಿದ್ದರಿಂದಲೇ ಜಿಗಿಹುಳು ಹೆಚ್ಚಿದ್ದು ಅನ್ನೋದು ರೈತರಿಗೆ ಭಾಷಣದಿಂದ ಅರ್ಥ ಆಗಲಿಲ್ಲ, ತಾವೇ ಗದ್ದೆಗಿಳಿದು ಎಣಿಸಿದ ಮೇಲೆ ಅರ್ಥ ಆಯ್ತು. ಆ ಪದ್ಧತಿ ಆಮೇಲೆ ನಮ್ಮ ದೇಶಕ್ಕೂ ಬಂತು.

ನಮಗೆ ಅದರ ಸರಳ ರೂಪ ಸಾಕು. ವಾರದಲ್ಲಿ ಒಂದು ದಿನ, ಬಿಸಿಲು ಏರೋ ಮುಂಚೆ, ಪ್ರತಿಯೊಬ್ಬರೂ ತಮ್ಮ ಪ್ಲಾಟಿನಲ್ಲಿ ಮೂಲೆ, ನಡು ಎಲ್ಲ ಸೇರಿ 10 ಗಿಡ ಆರಿಸಿಕೊಳ್ಳಬೇಕು. ಎಲೆ ತಿರುಗಿಸಿ ನೋಡಿ ಎಣಿಸಿ: ಹೇನು ಎಷ್ಟು, ಬಿಳಿನೊಣ ಎಷ್ಟು, ಗುಲಗಂಜಿ ಹುಳು ಎಷ್ಟು, ಜೇಡ ಎಷ್ಟು, ಹೊಸ ಎಲೆ ಬಂದಿದೆಯಾ, ಮಣ್ಣು ಕೈಲಿ ಹಿಡಿದರೆ ಉಂಡೆ ಕಟ್ಟುತ್ತಾ. ಆಮೇಲೆ ಎಲ್ಲರೂ ಮರದಡಿ ಕೂತು ಚಾರ್ಟಿನ ಮೇಲೆ ಗಿಡ ಬರೆದು, ಎಡಕ್ಕೆ ಶತ್ರು, ಬಲಕ್ಕೆ ಮಿತ್ರ ಅಂತ ಗುರುತು ಹಾಕಿ, ಈ ವಾರ ಏನು ಮಾಡ್ಬೇಕು ಅಂತ ಪ್ಲಾಟಿನವರೇ ಹೇಳಬೇಕು. "ಏನೂ ಮಾಡಲ್ಲ, ಇನ್ನೊಂದು ವಾರ ನೋಡ್ತೀನಿ" ಅನ್ನೋದೂ ಒಂದು ಉತ್ತರವೇ.

ಫೋನ್ ಇಲ್ಲಿ ಬಹಳ ಉಪಯೋಗ. ಪ್ರತಿ ವಾರ ಅದೇ ಗೂಟದ ಹತ್ತಿರ ನಿಂತು ಅದೇ ಕಡೆಗೆ ಒಂದು ಫೋಟೋ ತೆಗೀರಿ. ಎಂಟು ವಾರದ ಫೋಟೋ ಸಾಲಾಗಿ ನೋಡಿದರೆ ತಿಳಿಯೋದು ಯಾವ ವಿಡಿಯೋದಲ್ಲೂ ಸಿಗಲ್ಲ. ಆದರೆ ಒಂದು ಎಲೆಯ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಿ "ಏನು ಹೊಡೀಲಿ ಅಣ್ಣಾ" ಅಂತ ಕೇಳೋ ಚಟ ಇದೆಯಲ್ಲ, ಅದನ್ನ ತೋಟದ ಗೇಟಿನ ಹೊರಗೆ ಬಿಟ್ಟು ಬರಲಿ. ಮೊದಲು ಎಣಿಕೆ, ಆಮೇಲೆ ಪ್ರಶ್ನೆ.

ಇನ್ನೊಂದು ಕಷ್ಟದ ಮಾತು, ಇದು ಕಲಿಸುವವರಿಗೆ. ಒಬ್ಬನ ಪ್ಲಾಟು ಹಾಳಾಗ್ತಿದ್ದರೆ ನಿಮ್ಮ ಕೈ ಸುಮ್ಮನಿರಲ್ಲ. ರಾತ್ರೋರಾತ್ರಿ ಹೋಗಿ ಬೇವಿನೆಣ್ಣೆ ಹೊಡೆದು ಉಳಿಸಿಬಿಡೋಣ ಅನ್ನಿಸುತ್ತೆ. ಮಾಡಬೇಡಿ. ಹೇಳಿ, ಎಚ್ಚರಿಸಿ, ನಿರ್ಧಾರ ಅವನೇ ತಗೊಳ್ಳಲಿ. ಇದಕ್ಕೆ ಒಂದೇ ವಿನಾಯಿತಿ: ಪಕ್ಕದವರಿಗೆ ಹಬ್ಬೋ ರೋಗ. ಟೊಮೇಟೊ ಎಲೆ ಮುದುಡು, ಬೆಂಡೆ ಹಳದಿ ನಂಜು ಎರಡನ್ನೂ ಬಿಳಿನೊಣ ಹರಡುತ್ತೆ. ರೋಗದ ಗಿಡವನ್ನ ಅವತ್ತೇ ಕಿತ್ತು ಹೂಳಬೇಕು, ಒಪ್ಪದಿದ್ದರೆ ಸಂಘವೇ ಕೀಳಬೇಕು. ಈ ನಿಯಮ ಮೊದಲ ದಿನವೇ ಬರೆದಿಟ್ಟಿರಿ.

ಲೆಕ್ಕದ ಪುಸ್ತಕ

ದಿನಾಂಕ, ಮಾಡಿದ ಕೆಲಸ, ಎಷ್ಟು ಗಂಟೆ, ಕೈಯಿಂದ ಹೋದ ಹಣ, ಕಿತ್ತ ತೂಕ, ಮಾರಿದ ಜಾಗ, ಸಿಕ್ಕ ರೇಟು. ಇಷ್ಟೇ. "ಗಂಟೆ" ಬರೆಯೋಕೆ ಎಲ್ಲರೂ ಸೋಮಾರಿತನ ಮಾಡ್ತಾರೆ, ಅದೇ ಮುಖ್ಯ. ಲೆಕ್ಕ ತೋರಿಸೋಕೆ ಒಂದು ಉದಾಹರಣೆ ಅಂದುಕೊಳ್ಳಿ: ಒಂದು ಬೆಳೆ 9,000 ರೂಪಾಯಿಗೆ ಮಾರಿದ್ರಿ, ಖರ್ಚು 3,000, ದುಡಿದದ್ದು 120 ಗಂಟೆ. ಉಳಿದ 6,000ವನ್ನ 120ರಿಂದ ಭಾಗಿಸಿದರೆ ಗಂಟೆಗೆ 50, ಎಂಟು ಗಂಟೆಯ ದಿನಕ್ಕೆ 400. ಈಗ ಇದನ್ನ ನಿಮ್ಮೂರಿನ ಕೂಲಿ ಜೊತೆ ಹೋಲಿಸಿ. ಕಡಿಮೆ ಬಿದ್ದರೆ ಗಂಟೆ ಎಲ್ಲಿ ಹೋಯ್ತು ನೋಡಿ. ಸಾಮಾನ್ಯವಾಗಿ ಕಳೆಯಲ್ಲಿ ಹೋಗಿರುತ್ತೆ. ಮುಂದಿನ ಸಲ ಹೊದಿಕೆ ಹಾಕ್ತೀರಿ. ಅಪ್ಪ ಅಮ್ಮನ ದುಡಿಮೆಗೆ ಕೂಲಿ ಬರೆಯದೇ "ಲಾಭ ಬಂತು" ಅನ್ನೋ ಲೆಕ್ಕ ನಮ್ಮ ಮನೆಗಳಲ್ಲಿ ಮೊದಲಿಂದ ನಡೆದುಬಂದಿದೆ. ಹೊಸಬರಾದರೂ ಅದನ್ನ ಬಿಡಲಿ.

ಮಾರೋದು, ಮತ್ತೆ "ಸಾವಯವ" ಅನ್ನೋ ಹೆಸರು

ಬೆಳೆದದ್ದು ಅವರವರದ್ದು, ಮಾರೋದು ಒಟ್ಟಿಗೆ. ಸಂತೆಯಲ್ಲಿ ಒಂದೇ ಜಾಗ, ಸರದಿ ಪ್ರಕಾರ ಇಬ್ಬರು ಕೂರಬೇಕು. ಗ್ರಾಹಕರ ಮುಖ ನೋಡದವರಿಗೆ ಬೆಂಡೆಕಾಯಿ ಎಷ್ಟು ಎಳಸಿರುವಾಗ ಕೀಳಬೇಕು ಅನ್ನೋದೂ ಗೊತ್ತಾಗಲ್ಲ.

ಹೆಸರಿನ ವಿಷಯದಲ್ಲಿ ಹುಷಾರು. 2017ರ ಸಾವಯವ ಆಹಾರ ನಿಯಮಗಳ ಪ್ರಕಾರ "ಸಾವಯವ" ಅಂತ ಮಾರಲು ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಬೇಕು. ಸಣ್ಣ ಬೆಳೆಗಾರರು ನೇರವಾಗಿ ಗ್ರಾಹಕರಿಗೆ ಮಾರುವಾಗ ಮಾತ್ರ ವಿನಾಯಿತಿ ಇದೆ. ಸಣ್ಣವರಿಗೆ ಪಿಜಿಎಸ್ ಸರಿ. ಅಕ್ಕಪಕ್ಕದ ಕನಿಷ್ಠ 5 ರೈತರು ಗುಂಪಾಗಿ, ಒಬ್ಬರ ಹೊಲವನ್ನ ಇನ್ನೊಬ್ಬರು ತಪಾಸಣೆ ಮಾಡೋ ವ್ಯವಸ್ಥೆ ಅದು. ಪರಿವರ್ತನೆಯ ಅವಧಿಯಲ್ಲಿ ಪಿಜಿಎಸ್-ಗ್ರೀನ್, ಪೂರ್ತಿಯಾದ ಮೇಲೆ ಪಿಜಿಎಸ್-ಆರ್ಗ್ಯಾನಿಕ್. ತರಬೇತಿ ತೋಟಕ್ಕೆ ದೂರದವರಿಗಿಂತ ಸುತ್ತಲಿನ ಊರಿನವರನ್ನೇ ತಗೊಳ್ಳಿ ಅಂತ ನಾನು ಹೇಳೋದು ಇದಕ್ಕೇ. ವರ್ಷ ಮುಗಿಸಿ ತಮ್ಮ ಹೊಲಕ್ಕೆ ಹೋದವರೇ ನಾಳೆ ಆ ಗುಂಪಿನ ಸದಸ್ಯರು.

ಕಲಿಸೋರು ಯಾರು?

ನನ್ನಂಥ ಡಿಗ್ರಿಯವರು ಒಬ್ಬರು ಇದ್ದರೆ ಸಾಕು. ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವ ತನಕ ತಮ್ಮ ತೋಟವನ್ನೇ ಶಾಲೆ ಮಾಡಿದ್ದರು, ಅವರ ಹತ್ತಿರ ಕಲಿತ ರೈತರು ರಾಜ್ಯದ ತುಂಬ ಇದ್ದಾರೆ. ಚಾಮರಾಜನಗರದ ಅಮೃತಭೂಮಿಯಲ್ಲಿ ಈಗಲೂ ನೈಸರ್ಗಿಕ ಕೃಷಿಯ ತರಬೇತಿ ನಡೆಯುತ್ತೆ, ತಂಡ ಕಟ್ಟುವವರು ಒಮ್ಮೆ ಹೋಗಿ ನೋಡಿ ಬನ್ನಿ. ಊರೊಳಗೇ ಹುಡುಕಿ: ಬೀಜ ಬೂದಿಯಲ್ಲಿ ಹೊರಳಿಸಿ ಗುಡಾಣದಲ್ಲಿಡೋ ಅಜ್ಜಿ, ಮೋಡ ನೋಡಿ ಬಿತ್ತನೆ ದಿನ ಹೇಳೋ ದೊಡ್ಡಪ್ಪ. ಅವರನ್ನ ಕರೆದು ಹಾರ ಹಾಕಿ ಕಳಿಸಬೇಡಿ. ಅರ್ಧ ದಿನ ಕಲಿಸಿದರೆ ಅರ್ಧ ದಿನದ ಹಣ ಕೊಡಿ.

12 ಜನರಲ್ಲಿ ಅರ್ಧ ಹೆಣ್ಣುಮಕ್ಕಳಿರಲಿ, ಅದರಲ್ಲೂ ಜಮೀನಿಲ್ಲದ ಮನೆಯವರು. ಕಳೆ, ನಾಟಿ, ಕೊಯ್ಲು ಈಗಾಗಲೇ ಅವರ ಕೈಯಲ್ಲೇ ಇದೆ, ನಿರ್ಧಾರ ಮತ್ತು ಹಣ ಮಾತ್ರ ಇಲ್ಲ. ಪ್ಲಾಟ್ ಅವರ ಹೆಸರಲ್ಲಿ, ಮಾರಿದ ಹಣ ಅವರ ಖಾತೆಗೆ. ಜೊತೆಗೆ ತೋಟದಲ್ಲಿ ಒಂದು ಶೌಚಾಲಯ ಮತ್ತು ಸಂಜೆ ಬೆಳಕಿರುವಾಗಲೇ ಮುಗಿಯೋ ಸಮಯ. ಇವೆರಡು ಇಲ್ಲದೆ "ಹೆಣ್ಣುಮಕ್ಕಳು ಬರಲ್ಲ" ಅಂತ ದೂರೋದು ತಪ್ಪು.

ಹಣಕ್ಕೆ ಜಿಲ್ಲೆಯ ಆತ್ಮ ಯೋಜನೆಯ ಕಚೇರಿಯಲ್ಲಿ ಕ್ಷೇತ್ರ ಪಾಠಶಾಲೆಗೆ ಏನು ನೆರವಿದೆ ಅಂತ ವಿಚಾರಿಸಿ. ಸಿಕ್ಕರೆ ಒಳ್ಳೇದು. ಅದನ್ನೇ ನಂಬಿ ಕೂರಬೇಡಿ. ಸದಸ್ಯರ ತಿಂಗಳ ವಂತಿಗೆ, ನರ್ಸರಿ ಸಸಿ ಮಾರಾಟ, ಗೊಬ್ಬರ ಮಾರಾಟದಿಂದ ಕರೆಂಟು, ಡೀಸೆಲ್, ರಿಪೇರಿ ನಡೆಯೋ ಹಾಗಿರಲಿ.

ಇಷ್ಟು ಓದಿ ನಿಮ್ಮ ತಂಡ ತಯಾರಿದ್ದರೆ ಈ ಭಾನುವಾರ ಮೂರು ಕೆಲಸ ಮಾಡಿ. ನೋಡಿಟ್ಟ ಜಮೀನಿನ ಪಹಣಿ ಆನ್‌ಲೈನ್‌ನಲ್ಲಿ ತೆಗೀರಿ, ಮಾಲೀಕರ ಮನೆಗೆ ಹೋಗಿ ಕಾಫಿ ಕುಡಿದು ಮಾತಾಡಿ, ಬೋರಿನ ಹತ್ತಿರ ಬಕೆಟ್ ಹಿಡೀರಿ. ಬಕೆಟ್ ತುಂಬೋಕೆ ಎಷ್ಟು ಸೆಕೆಂಡ್ ಆಯ್ತು, ಯಾವ ತಾಲ್ಲೂಕು, ಎಷ್ಟು ಜನ ಇದ್ದೀರಿ ಅನ್ನೋದನ್ನ ಬರೆದು ಕಳಿಸಿ, ಎಷ್ಟು ಪ್ಲಾಟ್ ಮಾಡಬಹುದು ಅಂತ ಲೆಕ್ಕ ಹಾಕಿ ಹೇಳ್ತೀನಿ. ಮುಂದಿನ ವಾರ, ಸಾಮೂಹಿಕ ನರ್ಸರಿಯಲ್ಲಿ ಸಸಿ ಕೊಳೆ ರೋಗ ಬರದ ಹಾಗೆ ಟ್ರೇ ತುಂಬೋದು ಹೇಗೆ ಅಂತ ನೋಡೋಣ.